ಸುಂದರವ್ವನ ಕೈಮುರಿ ಪಟ್ಟು

ಬಾದಾಮಿಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡಿಗೆ ಮಾಡುವ ಸುಂದರವ್ವ ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ ಹದಿನಾರು ವರ್ಷದ ಹುಡುಗಿಯಾದಳು. ಅದು ಆದದ್ದು ಒಂದು ಮಂಗಳವಾರ ಬೆಳಿಗ್ಗೆ ಏಳೂಕಾಲಕ್ಕೆ, ಒಲೆಯ ಮೇಲೆ ಬೇಳೆ ಉಕ್ಕುವ ಹೊತ್ತಿನಲ್ಲಿ.

ಮೇಲಿನ ಆಫೀಸಿನಿಂದ ಆದೇಶ ಬಂದಿತ್ತು. ಪ್ರತಿ ಹಾಸ್ಟೆಲಿನ ಮೂವತ್ತು ಹುಡುಗಿಯರಿಗೆ ನಲವತ್ತು ದಿನ ಆತ್ಮರಕ್ಷಣೆ ಕಲಿಸಬೇಕು, ದಿನಾ ಬೆಳಿಗ್ಗೆ ಮೂವತ್ತೂ ಮುಖಗಳನ್ನು ಮೊಬೈಲಿನ ಆ್ಯಪಿಗೆ ತೋರಿಸಬೇಕು. ಒಂದು ಮುಖ ಕಡಿಮೆ ಬಿದ್ದರೆ ಉಳಿದ ಇಪ್ಪತ್ತೊಂಬತ್ತೂ ಬಂದೇ ಇಲ್ಲವೆಂದು ಆ ಆ್ಯಪು ತಿಳಿಯುತ್ತಿತ್ತು. ವಾರ್ಡನ್ ಪ್ರಿಯದರ್ಶಿನಿ ನೌಕರಿಗೆ ಸೇರಿ ಇನ್ನೂ ಎಂಟು ತಿಂಗಳು. ಆಕೆ ಮೂವತ್ತು ಹೆಸರು ತುಂಬಿ ಕಳಿಸಿದ ಮರುದಿನವೇ ಅದರೊಳಗಿನ ಶಿವಗಂಗಾ ಎಂಬ ಹತ್ತನೇ ತರಗತಿಯ ಹುಡುಗಿಗೆ ಕಾಮಣಿಯಾಗಿ, ಕಣ್ಣು ಅರಿಷಿಣ ಹಚ್ಚಿದಂತಾಗಿ, ಅವರಪ್ಪ ಬಂದು ಗುಡೂರಿಗೆ ಕರೆದುಕೊಂಡು ಹೋದ. ಹಾಸ್ಟೆಲಿನಲ್ಲಿ ಇದ್ದವರೇ ಮೂವತ್ತು ಹುಡುಗಿಯರು, ಬದಲಿಗೆ ಇನ್ನೊಬ್ಬಳಿರಲಿಲ್ಲ.

"ಸುಂದರವ್ವ, ಒಂದೀಟ ಇಲ್ಲೆ ಬಾ," ಎಂದಳು ಪ್ರಿಯದರ್ಶಿನಿ ಅಡಿಗೆಮನೆಯ ಬಾಗಿಲಲ್ಲಿ ನಿಂತು.

"ಬ್ಯಾಳಿ ಉಕ್ಕಾಕತ್ತೈತ್ರಿ ಮ್ಯಾಡಮ್ಮಾರ."

"ಉಕ್ಕಲಿ. ಇದರಾಗ ನೋಡು. ಕಣ್ಣು ಮಿಟಕಸು."

ಸುಂದರವ್ವ ನೋಡಿದಳು, ಕಣ್ಣು ಮಿಟುಕಿಸಿದಳು. ಮೊಬೈಲು ಟಿಣ್ ಎಂದಿತು. 'ನೋಂದಣಿ ಯಶಸ್ವಿ. ಕುಮಾರಿ ಶಿವಗಂಗಾ, ವಯಸ್ಸು ಹದಿನಾರು' ಎಂದು ಹಸಿರು ಅಕ್ಷರ ಮೂಡಿದವು. ಪ್ರಿಯದರ್ಶಿನಿ ಉಸಿರು ಬಿಟ್ಟಳು. ಇವತ್ತೊಂದು ದಿನ ದಾಟಿದರೆ ಸಾಕೆಂದು ಆಕೆ ಅಂದುಕೊಂಡಿದ್ದಳು. ಮೊದಲ ದಿನ ತೋರಿಸಿದ ಮುಖವೇ ನಲವತ್ತೂ ದಿನ ಬರಬೇಕೆನ್ನುವುದು ಆಕೆಗೆ ಸಂಜೆಯ ಹೊತ್ತಿಗೆ ತಿಳಿಯಿತು.

ಕಲಿಸಲು ಬಂದವಳು ಗೀತಾಂಜಲಿ, ಇಲಕಲ್ಲಿನ ಹುಡುಗಿ. ಪುಣೆಯಲ್ಲಿ ಆರು ವರ್ಷ ಈ ವಿದ್ಯೆ ಕಲಿತು ಬಂದಿದ್ದಳು. ನೋಡಲು ಗುಬ್ಬಿಯಷ್ಟಿದ್ದರೂ ಆಕೆಯ ದನಿ ಮಾತ್ರ ಬಸ್‌ಸ್ಟ್ಯಾಂಡಿನ ಮೈಕಿನಂತಿತ್ತು. ಮೊದಲ ದಿನ ಊಟದ ಹಾಲ್‌ನಲ್ಲಿ ನೀಲಿ ಮ್ಯಾಟು ಹಾಸಿ, "ಎಲ್ಲಾರೂ ಅಂಗಾತ ಮಲಕೋರಿ," ಎಂದಳು. ಇಪ್ಪತ್ತೊಂಬತ್ತು ಹುಡುಗಿಯರು ಮಲಗಿದರು. ಸುಂದರವ್ವ ಸೆರಗು ಸಿಕ್ಕಿಸಿಕೊಂಡು ನಿಂತೇ ಇದ್ದಳು.

"ಅಕ್ಕಾರ, ನೀವೂ."

"ನಾ ಯಾಕವಾ? ನನಗ ರಾತ್ರಿ ಛಲೋ ನಿದ್ದಿ ಆಗೇತಿ."

"ಜಗಳಾ ಅನ್ನೂದು ಎಷ್ಟೋ ಸಲ ನೆಲಕ್ಕ ಬಿದ್ದ ಮ್ಯಾಲ ಸುರು ಆಕ್ಕೈತ್ರಿ. ನಾವು ಇಲ್ಲೆ ಅದನ್ನ ಕಲಿಯೂದು."

"ನೆಲಕ್ಕ ಬಿದ್ದಮ್ಯಾಲ ಜಗಳ ಮುಗೀತಲ್ಲ ತಂಗಿ? ಇನ್ನ ಅಲ್ಲೇನ ಕಲೀತಿ?"

ಹುಡುಗಿಯರು ಮಲಗಿದಲ್ಲೇ ಕಿಸಕ್ಕೆಂದರು. ಕೊನೆಗೆ ಸುಂದರವ್ವನೂ ಮಲಗಿದಳು. ಹಾಸ್ಟೆಲಿಗೆ ಸೇರಿ ಹತ್ತೊಂಬತ್ತು ವರ್ಷವಾದರೂ ಆ ಹಾಲ್‌ನ ಛತ್ತನ್ನು ಆಕೆ ಅಂಗಾತ ಮಲಗಿ ನೋಡಿರಲಿಲ್ಲ. ಮೂಲೆಯಲ್ಲಿ ಹತ್ತಿದ ಮಸಿ ಕಂಡು, ನಾಳೆ ಕಸಬರಿಗೆಯನ್ನು ಉದ್ದ ಕೋಲಿಗೆ ಕಟ್ಟಿ ಹೊಡೆಯಬೇಕು ಎಂದುಕೊಂಡಳು.

ಆಕೆಯ ಗಂಡ ಮಲಕಪ್ಪ ದರ್ಜಿ. ಇಪ್ಪತ್ತು ವರ್ಷದಿಂದ ಹೆಚ್ಚಾಗಿ ಹೆಂಗಸರ ಜಂಪರು ಹೊಲಿದುಕೊಂಡೇ ಬಂದ ಮನುಷ್ಯ. ಸೀರೆಯಲ್ಲಿ ಇದು ನಡೆಯಂಗಿಲ್ಲವೆಂದು ಹೆಂಡತಿ ಹೇಳಿದ್ದಕ್ಕೆ ಉಳಿದಿದ್ದ ಯೂನಿಫಾರ್ಮ್ ಬಟ್ಟೆಯಲ್ಲಿ ಒಂದು ಪ್ಯಾಂಟು ಹೊಲಿದು ಕೊಟ್ಟ. ಕೈ ರೂಢಿಯಂತೆ ಓಡಿ, ಆ ಪ್ಯಾಂಟಿನ ಎರಡೂ ಕಾಲಿಗೆ ಜಂಪರಿನ ಕೈಗೆ ಇಡುವಂಥ ಕೆಂಪು ಪಟ್ಟಿ ಬಂತು. ಬೆನ್ನ ಹಿಂದೆ ಎರಡು ಹುಕ್ಕೂ ಇದ್ದವು. ಸುಂದರವ್ವ ಅದನ್ನೇ ಹಾಕಿಕೊಂಡಳು.

ಐದನೆಯ ದಿನ ಗೀತಾಂಜಲಿ ಹೆಗಲು ಕಟ್ಟುವ ಪಟ್ಟು ತೋರಿಸಿದಳು. ಎದುರಿನವಳ ಮಣಿಕಟ್ಟು ಹಿಡಿಯಬೇಕು, ನಮ್ಮ ಇನ್ನೊಂದು ಕೈ ಅವಳ ತೋಳಿನ ಮೇಲಿಂದ ಹಾಯಿಸಿ, ಒಳಗಿನಿಂದ ತಂದು, ನಮ್ಮದೇ ಮಣಿಕಟ್ಟನ್ನು ಹಿಡಿಯಬೇಕು. ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಜೊತೆಗೇ ಇರಬೇಕು. ಆಮೇಲೆ ಅವಳ ಕೈಯನ್ನು ಅವಳ ಬೆನ್ನಿನ ಕಡೆ ತಿರುವಬೇಕು.

"ಇದಕ್ಕ ಕಿಮೂರಾ ಅಂತಾರ," ಎಂದಳು ಗೀತಾಂಜಲಿ.

"ಕೈಮುರಿ?" ಸುಂದರವ್ವ ಕೇಳಿದಳು.

"ಕಿಮೂರಾ ಅಕ್ಕಾರ. ಜಪಾನದವ್ರು ಒಬ್ರು ಇದ್ರು. ಅವರ ಹೆಸರು."

"ಜಪಾನದಾಗೂ ಕನ್ನಡ ಮಾತಾಡ್ತಾರಂತಾತು."

ಅಂದಿನಿಂದ ಆ ಹಾಸ್ಟೆಲಿನಲ್ಲಿ ಅದರ ಹೆಸರು ಕೈಮುರಿಯೇ ಆಯಿತು. ಹೆಬ್ಬೆರಳು ಬೆರಳಿನ ಜೊತೆ ಸೇರಿಸಿ ಹಿಡಿಯುವುದಕ್ಕೆ ಗೀತಾಂಜಲಿ ಮಂಗನ ಹಿಡಿತ ಎಂದಳು, ಅದೂ ಸುಂದರವ್ವನಿಗೆ ತಟ್ಟನೆ ತಿಳಿಯಿತು. ಗುಹೆಯ ಮೆಟ್ಟಿಲ ಬಳಿ ಮಂಗಗಳು ಸೌತಿಕಾಯಿ ಚೀಲ ಕಸಿಯುವಾಗ ಹೆಬ್ಬೆರಳು ಬಳಸದೆ ಕೊಂಡಿ ಹಾಕಿದಂತೆ ಹಿಡಿಯುವುದನ್ನು ಆಕೆ ಸಾವಿರ ಸಲ ನೋಡಿದ್ದಳು. ಹಿಡಿತ ಬಂತು. ತಿರುವುವುದು ಮಾತ್ರ ಬರಲಿಲ್ಲ. ದಿನಾ ಇನ್ನೂರು ರೊಟ್ಟಿ ಬಡಿದ ಕೈ ಅದು, ಜಗ್ಗಿದರೆ ಹುಡುಗಿಯರು ಮ್ಯಾಟಿನ ಮೇಲೆ ಜಾರುತ್ತಾ ಅಡಿಗೆಮನೆಯ ತನಕ ಬರುತ್ತಿದ್ದರು. ಆದರೆ ಯಾರ ಹೆಗಲೂ ಕಟ್ಟಲಿಲ್ಲ.

ಅದೇ ದಿನ ಗೀತಾಂಜಲಿ ಇನ್ನೊಂದು ಮಾತನ್ನೂ ಹೇಳಿದ್ದಳು. ನೋವಾದರೆ ಎರಡು ಸಲ ತಟ್ಟಬೇಕು, ತಟ್ಟಿದ ಕೂಡಲೇ ಬಿಡಬೇಕು ಎಂದು. ಆ ಮಾತಿನ ಹೊತ್ತಿಗೆ ಸುಂದರವ್ವ ಅಡಿಗೆಮನೆಯಲ್ಲಿ ಒಲೆ ಆರಿಸಲು ಹೋಗಿದ್ದಳು.

ಸಂಜೆ ಮನೆಗೆ ಬಂದು ಗಂಡನ ಮುಂದೆ ಕೂತಳು. ಮಲಕಪ್ಪ ಮಿಷನ್ನಿನ ಮೇಲೆ ಬಗ್ಗಿ ನೆರೆಮನೆಯ ಸಂಗಯ್ಯಜ್ಜನ ಅಂಗಿಗೆ ತೋಳು ಕೂಡಿಸುತ್ತಿದ್ದ.

"ಎಷ್ಟ ಜಗ್ಗಿದ್ರೂ ಬರವಲ್ದರಿ," ಎಂದಳು ಸುಂದರವ್ವ.

"ಏನ ಬರವಲ್ದು?"

ಆಕೆ ಹೇಳಿದಳು. ಮಲಕಪ್ಪ ಕೇಳುತ್ತಾ ಕೇಳುತ್ತಾ ಮಿಷನ್ನು ನಿಲ್ಲಿಸಿದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನ ಕಸುಬಿಗೆ ಇಷ್ಟು ಹತ್ತಿರದ ಪ್ರಶ್ನೆ ಕೇಳಿದ್ದು ಇದೇ ಮೊದಲು. ಕನ್ನಡಕ ಏರಿಸಿ, ಅಂಗಿಯನ್ನು ತೊಡೆಯ ಮೇಲೆ ಹರಡಿದ.

"ಇಲ್ಲೆ ನೋಡು. ತೋಳು ಜಗ್ಗು. ಹರೀತೇನು? ಹರಿಯಂಗಿಲ್ಲ, ನಾ ಹೊಲದದ್ದು ಅದು. ಈಗ ಮೊಣಕೈ ಇರೂ ಜಾಗಾ ಅಂಗಿಗೆ ಒತ್ತಿ ಹಿಡಿ. ಅಲುಗಾಡಬಾರದು. ಮುಂಗೈಯಷ್ಟ ಹಿಂದಕ ತಿರುವು."

ಆತ ತಿರುವಿದ. ಬಗಲಿನ ಹೊಲಿಗೆ ಚರ್ ಎಂದು ನಾಲ್ಕು ಬೆರಳಿನಷ್ಟು ಬಿಟ್ಟಿತು. ಗಂಡ ಹೆಂಡತಿ ಇಬ್ಬರೂ ಆ ಹರಿದ ಜಾಗವನ್ನು ಹಬ್ಬದ ಹೋಳಿಗೆ ನೋಡಿದಂತೆ ನೋಡಿದರು.

"ಮನಷಾನ ಹೆಗಲಿಗೂ ಹಿಂಗ ಇರ್ತೈತೇನ್ರಿ?"

"ದೇವರೂ ದರ್ಜಿನ. ನೋಡೂಣ ಬಾ," ಎಂದು ಮಲಕಪ್ಪ ಚಾಪೆ ಹಾಸಿ ತಾನೇ ಮಲಗಿದ.

ಆಮೇಲೆ ಆದದ್ದನ್ನು ಓಣಿಯವರು ಕಿವಿಯಿಂದ ಮಾತ್ರ ಕೇಳಿದರು. ಮಲಕಪ್ಪನ ಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ, "ಸತ್ನೆಪ್ಪೋ! ಹಾಂ, ಹಂಗ! ಬಂತ ಬಂತ, ಹೊಲಿಗಿ ಬಿಡಾಕತ್ತೈತಿ! ಯವ್ವಾ! ಇನ್ನೊಂದೀಟ ತಿರುವು! ಅಯ್ಯಯ್ಯೋ, ಭೇಷ್!" ಎಂದು ಕೂಗು ಬಂತು. ಆತ ಹೊಡೆಸಿಕೊಳ್ಳುತ್ತಿದ್ದಾನೋ, ಹೊಡೆಯಲು ಹೇಳಿಕೊಡುತ್ತಿದ್ದಾನೋ ಯಾರಿಗೂ ತಿಳಿಯಲಿಲ್ಲ. ಹತ್ತು ಜನ ಕೂಡಿ ಸಂಗಯ್ಯಜ್ಜನನ್ನು ಕರೆತಂದರು. ಸಂಗಯ್ಯಜ್ಜ ಸಾಲಿ ಮಾಸ್ತರಿಕೆಯಿಂದ ನಿವೃತ್ತನಾದವನು, ಓಣಿಯ ಜಗಳಕ್ಕೆಲ್ಲ ಆತನದೇ ಕಡೆಯ ಮಾತು. ಬಾಗಿಲು ನೂಕಿದಾಗ ಮಲಕಪ್ಪ ಬೋರಲು ಬಿದ್ದಿದ್ದ. ಕೆಂಪು ಪಟ್ಟಿಯ ಪ್ಯಾಂಟಿನಲ್ಲಿ ಸುಂದರವ್ವ ಆತನ ಬೆನ್ನಿನ ಮೇಲೆ ಇದ್ದಳು.

"ಯಾರ ಮ್ಯಾಲ ಯಾರದು ತಕರಾರು?" ಎಂದ ಸಂಗಯ್ಯಜ್ಜ.

"ತಕರಾರು ಇಲ್ರಿ ಅಜ್ಜಾರ," ಮಲಕಪ್ಪ ನೆಲಕ್ಕೆ ಗಲ್ಲ ಹಚ್ಚಿಕೊಂಡೇ ಹೇಳಿದ. "ಸರಕಾರಿ ಕೆಲಸಾ ನಡದೈತ್ರಿ."

ಸಂಗಯ್ಯಜ್ಜ ಚಾಪೆಯ ಅಂಚಿಗೆ ಕೂತು ಎಲ್ಲ ಕೇಳಿದ. ಆ್ಯಪು, ಕಾಮಣಿ, ಜಪಾನದವರು, ಒಂದೂ ಬಿಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ತೀರ್ಪು ಕೊಟ್ಟ. "ಗಂಡ ಹೆಂಡತಿ ಬಾಗಲಾ ಮುಚ್ಚಿ ಏನರೆ ಮಾಡ್ಲಿ, ಓಣಿಗೆ ಸಂಬಂಧ ಇಲ್ಲ. ಆದ್ರ ಇದು ವಿದ್ಯಾ. ವಿದ್ಯಾ ಅಂದಮ್ಯಾಲ ಬಾಗಲಾ ತಗದು, ಬೆಳಕ ಇದ್ದಾಗ ಮಾಡ್ಬೇಕು." ಎದ್ದು ನಿಂತು ಮಿಷನ್ನಿನ ಕಡೆ ನೋಡಿದ. "ಮಲಕಪ್ಪ, ಆ ಅಂಗಿ ನಂದಲ್ಲೇನೋ?"

ಮಲಕಪ್ಪ ಅಂಗಿಯ ಹರಿದ ಬಗಲನ್ನು ಒಳಗೆ ಮಡಚಿದ.

ಮರುದಿನದಿಂದ ಸಂಜೆ ಐದಕ್ಕೆ ಬಾಗಿಲು ತೆರೆಯಿತು. ಕಟ್ಟೆಯ ಮೇಲೆ ಹೆಂಗಸರು ಮೆಂತ್ಯೆಸೊಪ್ಪು ಸೋಸುತ್ತಾ ಕೂತು ನೋಡತೊಡಗಿದರು. ಮಲಕಪ್ಪ ಕೆಳಗಿನಿಂದಲೇ ವಿವರಿಸುತ್ತಿದ್ದ. "ಕೈಲೆ ಜಗ್ಗಬ್ಯಾಡ, ಮೈ ತಿರುಗಿಸು." ಅದನ್ನು ಕೇಳಿ ಒಬ್ಬ ಮುದುಕಿ, "ಬೀಸೂಕಲ್ಲು ತಿರುವಿದಂಗಲ್ಲೇನ? ಸೊಂಟದಾಗ ಜೋರಿರಬೇಕವ್ವ, ರೆಟ್ಟಿಯಾಗಲ್ಲ," ಎಂದಳು. ಸುಂದರವ್ವ ಗಕ್ಕನೆ ನಿಂತಳು. ಬೀಸುವಾಗ ತೋಳು ಸುಮ್ಮನೆ ಕೊಕ್ಕೆಯಂತೆ ಇರುತ್ತದೆ, ಮೈ ಹೋಗಿ ಬರುತ್ತದೆ. ಅಷ್ಟೇ ಬೇಕಾಗಿದ್ದುದು. ಆ ಸಂಜೆ ಮಲಕಪ್ಪನಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಹನ್ನೊಂದನೆಯ ದಿನ ಗೀತಾಂಜಲಿ ತಾನೇ ಎದುರಿಗೆ ಬಂದಳು. "ಅಕ್ಕಾರ, ನನಗ ಹಿಡೀರಿ ನೋಡೂಣ." ಸುಂದರವ್ವ ಹಿಡಿದಳು, ಮೊಣಕೈಯನ್ನು ಎದೆಗೆ ಒತ್ತಿಕೊಂಡಳು, ಬೀಸುಕಲ್ಲಿಗೆ ಕೂತಂತೆ ಕೂತು ತಿರುಗಿದಳು. ಗೀತಾಂಜಲಿ ಆಕೆಯ ಬೆನ್ನ ಮೇಲೆ ಎರಡು ಸಲ ತಟ್ಟಿದಳು. ಬೆನ್ನು ತಟ್ಟಿದರೆ ಈ ಸೀಮೆಯಲ್ಲಿ ಶಭಾಶ್ ಅಂತಲೇ ಅರ್ಥ. ಕಲಿಸುವಾಕೆಯೇ ಬೆನ್ನು ತಟ್ಟಿದಳಲ್ಲ ಎಂದು ಸುಂದರವ್ವನಿಗೆ ಕಣ್ಣು ತುಂಬಿ ಬಂತು. ಸಾಲಿಗೆ ಮೂರನೆಯ ಇಯತ್ತೆಗೇ ಶರಣು ಹೊಡೆದವಳು ಆಕೆ, ಯಾವ ಮಾಸ್ತರನೂ ಬೆನ್ನು ತಟ್ಟಿರಲಿಲ್ಲ. ಹುರುಪಿನಿಂದ ಇನ್ನಷ್ಟು ತಿರುಗಿದಳು. ಗೀತಾಂಜಲಿ ಜೋರಾಗಿ, ಲಗುಲಗು, ನಾಲ್ಕು ಸಲ ತಟ್ಟಿದಳು. ಸುಂದರವ್ವ ಇನ್ನೂ ತಿರುಗಿದಳು. ಆಗ ಗೀತಾಂಜಲಿ ಮರಾಠಿಯಲ್ಲಿ ಕೂಗಿದಳು.

"ತಟ್ಟಿದೆನಲ್ರೀ ಅಕ್ಕಾರ!" ದವಾಖಾನೆಯಿಂದ ಕೈಗೆ ಜೋಳಿಗೆ ಕಟ್ಟಿಸಿಕೊಂಡು ಬಂದಮೇಲೆ ಆಕೆ ಅಳುಮುಖ ಮಾಡಿ ಹೇಳಿದಳು.

"ತಟ್ಟಿದಿ ತಂಗಿ. ಅದಕ್ಕ ನನಗ ಹುರುಪ ಬಂತು."

ತಟ್ಟುವುದೆಂದರೆ ಸಾಕು ಎಂದರ್ಥವೆಂದು ಆಗ ಗೊತ್ತಾಗಿ ಸುಂದರವ್ವ ಆ ದಿನ ಊಟ ಮಾಡಲಿಲ್ಲ. ಗೀತಾಂಜಲಿಗೆ ಎರಡು ವಾರ ದಿನಾ ತಾನೇ ರೊಟ್ಟಿ ಮುರಿದು, ಎಣ್ಣೆಗಾಯಿ ಕಲಸಿ, ತಟ್ಟೆ ಕೈಗೆ ಕೊಟ್ಟಳು. ಗೀತಾಂಜಲಿ ಒಂದು ಕೈಯವಳಾದ ಕಾರಣ ಬಾಯಿಂದ ಹೇಳುವಾಕೆ ಅವಳು, ಮಾಡಿ ತೋರಿಸುವಾಕೆ ಸುಂದರವ್ವ ಎಂದಾಯಿತು. ನಲವತ್ತನೆಯ ದಿನ ಪರೀಕ್ಷೆಗೆಂದು ತೆಗೆದ ವಿಡಿಯೋದಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಟ್ಟು ಹಾಕಿದವಳೂ ಸುಂದರವ್ವನೇ. ವಿಡಿಯೋ ಮೇಲಿನ ಆಫೀಸಿಗೆ ಹೋಯಿತು. ಹತ್ತು ದಿನಕ್ಕೆ ಪತ್ರ ಬಂತು. 'ಕುಮಾರಿ ಶಿವಗಂಗಾ, ಹತ್ತನೇ ತರಗತಿ, ಬಾಗಲಕೋಟೆಯ ನವನಗರದಲ್ಲಿ ನಡೆಯುವ ಜಿಲ್ಲಾ ಸ್ಪರ್ಧೆಗೆ ಆಯ್ಕೆಯಾಗಿದ್ದಾಳೆ.'

ಅದೇ ವಾರ ನಿಜವಾದ ಶಿವಗಂಗಾ ಗುಡೂರಿನಿಂದ ಬಂದಳು. ಕಣ್ಣು ಬೆಳ್ಳಗಾಗಿದ್ದವು, ಮೈ ಮಾತ್ರ ಹಪ್ಪಳದಂತಾಗಿತ್ತು. ತಾನು ಜಿಲ್ಲೆಗೇ ಹೆಸರುವಾಸಿಯಾದದ್ದು ಕೇಳಿ ಅವಳು ಅಳಲು ಹತ್ತಿದಳು.

"ಅಳಬ್ಯಾಡ ಕೂಸ," ಎಂದಳು ಸುಂದರವ್ವ. "ಹದಿನೈದು ದಿನ ಐತಿ. ನಿನ್ನ ಹೆಸರಿಗೆ ನಾ ಕಲಸ್ತೇನಿ."

ಹದಿನೈದು ದಿನವೂ ಕಲಿಸಿದಳು. ಹಿಟ್ಟು ನಾದುವಾಗ, ಸೊಪ್ಪು ತೊಳೆಯುವಾಗ, ಶಿವಗಂಗಾ ಎಲ್ಲಿ ಕಂಡರೆ ಅಲ್ಲಿ, "ಹೆಬ್ಬೆರಳ ಎಲ್ಲೈತಿ?" ಎನ್ನುವಳು. ಹುಡುಗಿಗೆ ಕನಸಿನಲ್ಲೂ ಹೆಬ್ಬೆರಳು ಬರುತ್ತಿತ್ತು. ಕಲಿಸುವ ಚಟ ಎಂಥದೆಂದು ಸುಂದರವ್ವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದವರ ಕೈ ನೋಡಿದರೂ ಆಕೆಗೆ ತಿದ್ದಬೇಕೆನಿಸುತ್ತಿತ್ತು.

ನವನಗರದ ಒಳಾಂಗಣದಲ್ಲಿ ಜನವೋ ಜನ. ಮೇಜಿನ ಮೇಲೆ ಮೊಬೈಲು ಇಟ್ಟುಕೊಂಡ ಒಬ್ಬ ನೌಕರ ಪ್ರತಿ ಹುಡುಗಿಯ ಮುಖ ಹಿಡಿದು ಒಳಗೆ ಬಿಡುತ್ತಿದ್ದ. ಶಿವಗಂಗಾಳ ಮುಖ ಹಿಡಿದ. 'ಮುಖ ಹೊಂದಿಕೆಯಾಗುತ್ತಿಲ್ಲ' ಎಂದಿತು ಆ್ಯಪು. ಮೂರು ಸಲ ಹಿಡಿದರೂ ಅದೇ ಮಾತು. ಪ್ರಿಯದರ್ಶಿನಿ ಹುಡುಗಿಯ ಮುಖ ಒರೆಸಿ ಮತ್ತೆ ಮುಂದೆ ನೂಕಿದಳು.

"ನಲವತ್ತು ದಿನ ಬಂದ ಮುಖ ಬೇಕ್ರಿ," ಎಂದ ನೌಕರ.

ಏನಾಯಿತೆಂದು ನೋಡಲು ಸುಂದರವ್ವ ಬುತ್ತಿಗಂಟು ಹಿಡಿದುಕೊಂಡು ಹಿಂದಿನಿಂದ ಇಣುಕಿದಳು. ಮೊಬೈಲು ಟಿಣ್ ಎಂದಿತು. 'ಕುಮಾರಿ ಶಿವಗಂಗಾ, ಹದಿನಾರು ವರ್ಷ. ಸ್ಪರ್ಧೆಗೆ ಅರ್ಹ.'

ನೌಕರ ಮೊಬೈಲು ನೋಡಿದ, ಸುಂದರವ್ವನ ಬಿಳಿಗೂದಲು ನೋಡಿದ, ಪಕ್ಕದ ಕುರ್ಚಿಯ ಸಾಹೇಬರನ್ನು ನೋಡಿದ. "ಸಾಹೇಬ್ರ, ನನ್ನ ಕಣ್ಣಿಗೆ ಇವರು ಹದಿನಾರ ಕಾಣವಲ್ರು."

ಸಾಹೇಬರಿಗೆ ಬೆಳಗಿನಿಂದ ಚಹಾ ಸಿಕ್ಕಿರಲಿಲ್ಲ. "ನಿನ್ನ ಕಣ್ಣಿಗೆ ಓಟಿಪಿ ಬರ್ತೈತೇನು?" ಎಂದರು. "ಆ್ಯಪ್ ಹೂಂ ಅಂದಮ್ಯಾಲ ನಾವ್ಯಾರೋ? ಕಳಸು ಒಳಗ."

ಹಾಗೆ ಸುಂದರವ್ವ, ಶಿವಗಂಗಾಳಿಗೆ ಕೊನೆಯ ಪಾಠ ಹೇಳಲು ಬೇಕಾದೀತೆಂದು ತಂದಿದ್ದ ಪ್ಯಾಂಟು ಹಾಕಿಕೊಂಡು, ಮ್ಯಾಟಿನ ಮೇಲೆ ಬಂದಳು. ಎದುರಿಗೆ ಹುನಗುಂದದ ಮುಬಶೀರಾ, ಹದಿನಾರೇ ವರ್ಷ, ಹುರಿ ಹಗ್ಗದಂಥ ಹುಡುಗಿ. ಆ ಗುಂಪಿನಲ್ಲಿ ಬಂದವರೇ ಇವರಿಬ್ಬರು, ಉಳಿದವರಿಗೆ ಸಾಲಿಯ ಅರ್ಧವಾರ್ಷಿಕ ಪರೀಕ್ಷೆಯಿತ್ತು. ಮುಬಶೀರಾ ಎದುರಾಳಿಯನ್ನು ಮೇಲಿಂದ ಕೆಳಗೆ ನೋಡಿದಳು, ಪ್ಯಾಂಟಿನ ಕೆಂಪು ಪಟ್ಟಿಯ ಹತ್ತಿರ ಸ್ವಲ್ಪ ತಡೆದಳು.

"ಶಿವಗಂಗಾ ಅಂದ್ರ ನೀವ ಏನ್ರಿ?"

"ಇವತ್ತಿಗೆ ನಾನ ನೋಡವಾ."

ಸೀಟಿ ಹೊಡೆಯಿತು. ಹುಡುಗಿ ಮಿಂಚಿನಂತೆ ನುಗ್ಗಿ ಕಾಲು ಎತ್ತಿದಳು, ಸುಂದರವ್ವ ಹಿಟ್ಟಿನ ಚೀಲ ಬಿದ್ದಂತೆ ಬಿದ್ದಳು. ಆದರೆ ಬೀಳುವಾಗಲೇ ಕೈ ತಾನಾಗಿ ಹುಡುಗಿಯ ಮಣಿಕಟ್ಟಿಗೆ ಹೋಗಿತ್ತು. ಹೊರಳಿದಳು, ಕೊಂಡಿ ಹಾಕಿದಳು, ಮೊಣಕೈ ಎದೆಗೆ ಬಂತು. ಇನ್ನು ಒಂದು ಬೀಸು ತಿರುಗಿದರೆ ಮುಗಿಯಿತು. ಸುಂದರವ್ವ ತಿರುಗಲಿಲ್ಲ. ಗೀತಾಂಜಲಿಯ ಜೋಳಿಗೆ ಕೈ ಕಣ್ಣ ಮುಂದೆ ಬಂತು.

"ತಟ್ಟವಾ," ಎಂದಳು ಮೆಲ್ಲಗೆ.

"ತಟ್ಟಂಗಿಲ್ರಿ."

"ಹೆಗಲ ಹೊಕ್ಕೈತಿ, ತಟ್ಟು."

"ಹೋದ್ರ ಹೋಗ್ಲಿರಿ. ಹೆಂಗ ಹಿಡದೀರಿ ಇದನ್ನ? ನನಗ ಹಿಡಿತಾನ ನಿಲ್ಲಂಗಿಲ್ರಿ, ಜಾರತೈತಿ."

ಸುಂದರವ್ವ ಆಗ ಹುಡುಗಿಯ ಇನ್ನೊಂದು ಕೈ ನೋಡಿದಳು. ಅದು ಆಕೆಯ ಪ್ಯಾಂಟನ್ನು ಮುಷ್ಟಿ ಮಾಡಿ, ಹೆಬ್ಬೆರಳು ಆಚೆ ಸುತ್ತಿ ಹಿಡಿದಿತ್ತು. ಬೇರೆಯವಳು ರೊಟ್ಟಿ ತಪ್ಪಾಗಿ ಬಡಿಯುವುದನ್ನು ನೋಡಿ ಸುಮ್ಮನೆ ಕೂರಲು ಆಗದಂತೆ ಆಕೆಗೆ ಆಯಿತು.

"ಹೆಬ್ಬೆರಳ ಒಳಗ ತಗೋಬೇಕವ್ವ. ಯಾರ ಕಲಸ್ಯಾರ ನಿನಗ? ಹಿಂಗ ನೋಡು." ಕೊಂಡಿ ಬಿಟ್ಟು ತನ್ನ ಕೈಯನ್ನೇ ಮುಂದೆ ಚಾಚಿದಳು. "ಹಿಡಿ. ಮಂಗ್ಯಾ ಚೀಲಾ ಹಿಡದಂಗ. ಹಾಂ. ಈಗ ಆ ಕೈ ಮ್ಯಾಲಿಂದ ತಾ. ನಿನ್ನ ಮಣಿಕಟ್ಟ ನೀನ ಹಿಡಕೋ. ಮೊಣಕೈ ಎದಿಗೆ ಹಚ್ಚು. ಇನ್ನೂ. ಕೈಲೆ ಜಗ್ಗಬ್ಯಾಡ, ಬೀಸೂಕಲ್ಲು ಗೊತ್ತೈತಿಲ್ಲೋ?"

"ನಮ್ಮ ಅಜ್ಜಿ ಮನ್ಯಾಗ ಐತ್ರಿ."

"ತಿರುಗು ಹಂಗ."

ಹುಡುಗಿ ತಿರುಗಿದಳು. ಸುಂದರವ್ವನ ಬಲ ಹೆಗಲಿನಲ್ಲಿ ಮೊದಲು ಬಿಸಿಯಾಯಿತು, ಆಮೇಲೆ ನಕ್ಷತ್ರ ಕಂಡವು. "ಭೇಷ್," ಎಂದು ಹೇಳಿ, ಮ್ಯಾಟಿನ ಮೇಲೆ ಎರಡು ಸಲ ತಟ್ಟಿದಳು. ಮುಬಶೀರಾ ತಟ್ಟನೆ ಬಿಟ್ಟಳು. ಸೀಟಿ ಹೊಡೆಯುವಾತ ಸೀಟಿಯನ್ನು ಬಾಯಲ್ಲಿ ಇಟ್ಟುಕೊಂಡು ನೋಡುತ್ತಲೇ ಇದ್ದ. ಕೊನೆಗೆ ಹುನಗುಂದದ ಹುಡುಗಿಯ ಕೈ ಎತ್ತಿದ. ಎತ್ತುವಾಗ, "ಇದು ಸೋಲೋ ಕ್ಲಾಸೋ ಅಕ್ಕಾರ?" ಎಂದು ಕೇಳಿದ.

ಮರುದಿನ ಬೆಳಿಗ್ಗೆ ಸುಂದರವ್ವನ ಬಲಗೈ ಭುಜದ ಮೇಲಕ್ಕೆ ಏಳಲಿಲ್ಲ. ಹಾಸ್ಟೆಲಿನಲ್ಲಿ ರೊಟ್ಟಿಯನ್ನು ಹುಡುಗಿಯರೇ ಬಡಿದರು. ಒಂದು ನಕಾಶೆಯ ಅರಬ್ಬಿ ಸಮುದ್ರದಂತೆ ಬಂತು, ಒಂದು ರಾಜಸ್ಥಾನದಂತೆ. ಪ್ರಿಯದರ್ಶಿನಿ ತನ್ನ ಪಾಲಿನ ಕರಕಾದ ರೊಟ್ಟಿಯನ್ನು ಪೂರಾ ತಿಂದಳು.

ತಿಂಗಳಿಗೆ ಪ್ರಮಾಣಪತ್ರ ಬಂತು. 'ಕುಮಾರಿ ಶಿವಗಂಗಾ, ದ್ವಿತೀಯ ಸ್ಥಾನ.' ಶಿವಗಂಗಾ ಅದನ್ನು ಅಡಿಗೆಮನೆಗೆ ತಂದು, "ಅಕ್ಕಾ, ಇದು ನಿಂದು," ಎಂದಳು. ಸುಂದರವ್ವ ಒದ್ದೆ ಕೈ ಒರೆಸಿಕೊಂಡು, ಎರಡೂ ಕೈಯಿಂದ ಹಿಡಿದು, ಚಿನ್ನದ ಬಣ್ಣದ ಅಂಚನ್ನು ಬಹಳ ಹೊತ್ತು ನೋಡಿದಳು.

"ಹೆಸರ ನಿಂದೈತಿ ಕೂಸ. ನಿಮ್ಮಪ್ಪಗ ಕೊಡು."

ಅದು ಈಗ ಗುಡೂರಿನ ಮನೆಯಲ್ಲಿ ದೇವರ ಫೋಟೋದ ಪಕ್ಕ ಗಾಜು ಹಾಕಿಸಿಕೊಂಡು ನೇತಾಡುತ್ತಿದೆ. ಮಗಳು ನಿಜ ಹೇಳಿದರೂ ಅಪ್ಪ ಇಳಿಸಲಿಲ್ಲ.

ಒಂದು ರವಿವಾರ ಮಧ್ಯಾಹ್ನ ಸುಂದರವ್ವನಿಗೆ ಫೋನು ಬಂತು. ಹುನಗುಂದದಿಂದ ಮುಬಶೀರಾ. ನಂಬರನ್ನು ಗೀತಾಂಜಲಿಯಿಂದ ಇಸಕೊಂಡಿದ್ದಳು.

"ಅಕ್ಕಾ, ಹಾಕೂದು ಬಂತ್ರಿ. ಯಾರರೆ ನನಗ ಹಾಕಿದ್ರ ಬಿಡಿಸಿಕೊಳ್ಳೂದು ಹೆಂಗ?"

ಸುಂದರವ್ವ ಕುಂತಲ್ಲಿಯೇ ಯೋಚಿಸಿದಳು. ಅದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಆ ದಿನವೂ ಒಲೆಯ ಮುಂದೆ ಇದ್ದಳೋ ಏನೋ.

"ತಡಿಯವಾ, ಫೋನ್ ಇಡಬ್ಯಾಡ. ನೋಡಿ ಹೇಳ್ತೇನಿ," ಎಂದು ಫೋನನ್ನು ಗೂಡಿನಲ್ಲಿಟ್ಟು, ಎದ್ದು ಬಾಗಿಲು ಪೂರಾ ತೆರೆದು, ಚಾಪೆ ಬಿಡಿಸಿದಳು.

"ಏನ್ರಿ, ಕತ್ತರಿ ಇಡ್ರಿ ಆ ಕಡೆ. ಈ ಸಲ ನಾ ಕೆಳಗ ಮಲಗ್ತೇನಿ. ನೀವು ಹಿಡೀರಿ."